ಹಗ್ಗ ಹಿಡಿದ ಓಟಗಾರ

ಕಾರಹುಣ್ಣಿಮೆಯ ಸಂಜೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಅಂದು ಎತ್ತುಗಳದೇ ಕಾರುಬಾರು. ಹಿಂದಿನ ದಿನ ಹೊನ್ನುಗ್ಗಿ ಮುಗಿದಿರುತ್ತದೆ. ಬೆಳಿಗ್ಗೆ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಕೊರಳಿಗೆ ಗೆಜ್ಜೆಸರ ಹಾಕಿ, ಮನೆಯಲ್ಲಿ ಮಾಡಿದ ಹೋಳಿಗೆಯ ಎಡೆಯನ್ನು ಮೊದಲು ಅವಕ್ಕೇ ಕೊಡುತ್ತಾರೆ. ಸಂಜೆಗೆ ಊರ ಅಗಸಿಯ ಮುಂದೆ ಕರಿ ಹರಿಯುವ ಓಟ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಪೀಕು ಚಲೋ, ಕೆಂದೆತ್ತು ಮುಂದೆ ಬಂದರೆ ಮುಂಗಾರಿ ಚಲೋ ಎಂಬುದು ಹಿರಿಯರ ಲೆಕ್ಕ. ಆ ಗದ್ದಲದಲ್ಲಿ ಎತ್ತಿನ ಹಗ್ಗ ಹಿಡಿದು ಧೂಳಿನಲ್ಲಿ ಓಡುವ ಹುಡುಗನನ್ನು ಯಾರೂ ಗಡಿಯಾರ ಹಿಡಿದು ಅಳೆಯುವುದಿಲ್ಲ. ಯಾವ ಎತ್ತು ಗೆದ್ದಿತೆಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಅದರ ಜೊತೆ ಓಡಿದವನ ಹೆಸರು ಮರುದಿನಕ್ಕೆ ಮರೆತುಹೋಗುತ್ತದೆ.

ಒಮ್ಮೆ ಮಾತ್ರ ಹಾಗಾಗಲಿಲ್ಲ. ಅದು ನಡೆದದ್ದು ಈ ಕಪ್ಪು ಮಣ್ಣಿನ ಸೀಮೆಯಲ್ಲಲ್ಲ, ಘಟ್ಟದ ಕೆಳಗಿನ ಕರಾವಳಿಯ ಕೆಸರುಗದ್ದೆಯಲ್ಲಿ. ಓಡಿದ್ದು ಎತ್ತುಗಳಲ್ಲ, ಕೋಣಗಳು. ಹಗ್ಗ ಹಿಡಿದವರು ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡ. 2020ರ ಫೆಬ್ರುವರಿಯಲ್ಲಿ ಕಟ್ಟಡ ಕೆಲಸದ ಈ ಕೂಲಿಕಾರರ ಹೆಸರು ದೇಶದ ತುಂಬ, ನಂತರ ಪ್ರಪಂಚದ ತುಂಬ ಓಡಾಡಿತು. ಪರದೇಶದ ಪತ್ರಿಕೆಗಳು ಅವರನ್ನು ಕರೆದದ್ದು ‘ಜಾಕಿ’ ಎಂದು.

ಮೇಲೆ ಕೂರುವವನು, ಹಿಂದೆ ಓಡುವವನು

ಜಾಕಿ ಎಂದರೆ ಕುದುರೆ ಪಂದ್ಯದ ಸವಾರ. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲೋ ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದ ಮೈದಾನದಲ್ಲೋ ಕುದುರೆಯ ಬೆನ್ನ ಮೇಲೆ ಬಾಗಿ ಕೂತು ಗಾಳಿ ಸೀಳುವವನು. ಅವನಿಗೆ ದೇಹದ ತೂಕವೇ ದೊಡ್ಡ ಚಿಂತೆ. ಐವತ್ತು–ಐವತ್ತೈದು ಕಿಲೋದ ಆಸುಪಾಸಿನಲ್ಲಿ ಮೈಯನ್ನು ಕಾಯ್ದುಕೊಳ್ಳಬೇಕು; ಒಂದು ಹೊತ್ತಿನ ಊಟ ಹೆಚ್ಚಾದರೂ ತಕ್ಕಡಿ ಹೇಳಿಬಿಡುತ್ತದೆ. ಹದಿಹರೆಯದಲ್ಲೇ ಅಪ್ರೆಂಟಿಸ್ ಆಗಿ ಲಾಯದಲ್ಲಿ ಕೆಲಸ ಕಲಿಯುತ್ತಾ, ಬೆಳಗಿನ ಜಾವ ಎದ್ದು ಕುದುರೆಗಳಿಗೆ ವ್ಯಾಯಾಮ ಕೊಡಿಸುತ್ತಾ ಬೆಳೆಯುವ ವೃತ್ತಿ ಅದು. ಹೊಸಬನಿಗೆ ಪಂದ್ಯದಲ್ಲಿ ತೂಕದ ರಿಯಾಯಿತಿಯೂ ಉಂಟು. ಗೆಲುವುಗಳ ಸಂಖ್ಯೆ ಏರಿದಂತೆ ಆ ರಿಯಾಯಿತಿ ಇಳಿಯುತ್ತದೆ.

ಕಂಬಳದ ಜಾಕಿಗೆ ಕೂರಲು ಬೆನ್ನೇ ಇಲ್ಲ. ಅವನು ಕೋಣಗಳ ಹಿಂದೆ, ಬರಿಗಾಲಲ್ಲಿ, ಮೊಣಕಾಲುದ್ದ ಸಿಡಿಯುವ ಕೆಸರುನೀರಿನಲ್ಲಿ, ಅವುಗಳ ವೇಗಕ್ಕೆ ತನ್ನ ಕಾಲನ್ನು ಹೊಂದಿಸಿ ಓಡಬೇಕು. ಹಗ್ಗ ಬಿಟ್ಟರೆ ಸೋತಂತೆ. ಹೆಜ್ಜೆ ತಪ್ಪಿದರೆ ಕೆಸರಿನಲ್ಲಿ ಎಳೆದುಕೊಂಡು ಹೋದಂತೆ. ತುಳುನಾಡಿನ ಜನ ಅವನನ್ನು ‘ಕೋಣ ಓಡಿಸುವವನು’ ಎಂದಷ್ಟೇ ಕರೆಯುತ್ತಿದ್ದರು. ಜಾಕಿ ಎಂಬ ಹೆಸರು ಹೊರಗಿನಿಂದ ಬಂದು ಅಂಟಿಕೊಂಡದ್ದು.

ಎರಡು ಕಸುಬುಗಳಿಗೂ ಒಂದು ಹೋಲಿಕೆ ಇದೆ. ಎರಡರಲ್ಲೂ ಪ್ರಾಣಿ ಬೇರೊಬ್ಬರದು. ಕುದುರೆಗೆ ಮಾಲೀಕನಿದ್ದಂತೆ ಕೋಣಗಳಿಗೆ ಯಜಮಾನನಿದ್ದಾನೆ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಈಜಾಡಿಸಿ ಸಾಕುವ ಖರ್ಚು ಅವನದು. ಗೆದ್ದ ಚಿನ್ನದ ಬಹುಮಾನ ಸಲ್ಲುವುದೂ ಅವನಿಗೇ. ಓಡಿಸಿದವನಿಗೆ ಸಂಭಾವನೆ ಮತ್ತು ಹೆಸರು. ಹೆಸರು ಕೂಡ ಬಹಳ ಕಾಲದವರೆಗೆ ಹತ್ತೂರು ದಾಟುತ್ತಿರಲಿಲ್ಲ.

ಕಂಬಳ ಎಂದರೇನು?

ನಮ್ಮ ಬಯಲುಸೀಮೆಯ ವಿದ್ಯಾರ್ಥಿಗಳಿಗೆ ಕಂಬಳದ ಚಿತ್ರ ಅಷ್ಟಾಗಿ ಪರಿಚಯವಿರಲಿಕ್ಕಿಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮತ್ತು ಗಡಿಯಾಚೆಯ ಕಾಸರಗೋಡಿನಲ್ಲಿ ಭತ್ತದ ಕೊಯ್ಲಾದ ಮೇಲೆ, ಸುಮಾರು ನವೆಂಬರಿನಿಂದ ಮಾರ್ಚ್‌ವರೆಗೆ ನಡೆಯುವ ಕೋಣಗಳ ಓಟ ಅದು. ಓಟದ ಗದ್ದೆಗೆ ‘ಕರೆ’ ಎನ್ನುತ್ತಾರೆ. ಅಕ್ಕಪಕ್ಕ ಎರಡು ಕರೆಗಳಿದ್ದರೆ ‘ಜೋಡುಕರೆ’. ಉದ್ದ ಊರಿಂದೂರಿಗೆ ಬೇರೆ. 120 ಮೀಟರಿನಿಂದ 160 ಮೀಟರಿನವರೆಗೂ ಇರುವುದುಂಟು. ಓಟ ಹೊರಡುವ ತುದಿ ‘ಗಂತು’, ಮುಗಿಯುವ ತುದಿ ‘ಮಂಜೊಟ್ಟಿ’. ಎರಡೆರಡು ಜೋಡಿಗಳನ್ನು ಒಟ್ಟಿಗೆ ಬಿಟ್ಟು, ಸೋತವರನ್ನು ಕೈಬಿಡುತ್ತಾ ಹೋಗುತ್ತಾರೆ. ಬೆಳಿಗ್ಗೆ ಶುರುವಾದ ಕಂಬಳ ರಾತ್ರಿಯಿಡೀ ದೀಪದ ಬೆಳಕಿನಲ್ಲಿ ನಡೆದು ಮರುದಿನ ಮುಗಿಯುವುದೂ ಸಾಮಾನ್ಯ.

ಓಟದಲ್ಲಿ ಬಗೆಗಳಿವೆ. ‘ಹಗ್ಗ’ದ ಓಟದಲ್ಲಿ ಕೋಣಗಳ ನೊಗಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಓಡಬೇಕು. ‘ನೇಗಿಲು’ ಓಟದಲ್ಲಿ ಹಗುರವಾದ ಮರದ ನೇಗಿಲನ್ನು ಹಿಡಿದು ಓಡಬೇಕು. ‘ಅಡ್ಡ ಹಲಗೆ’ಯಲ್ಲಿ ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ಸಾಗಬೇಕು. ‘ಕನೆ ಹಲಗೆ’ಯಲ್ಲಿ ವೇಗಕ್ಕಿಂತ ನೀರು ಚಿಮ್ಮುವ ಎತ್ತರ ಮುಖ್ಯ. ತೂತುಗಳಿರುವ ಹಲಗೆಯ ಮೇಲೆ ಕಾಲೂರಿ ನಿಂತಾಗ ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು. ಹಗ್ಗ ಮತ್ತು ನೇಗಿಲಿನಲ್ಲಿ ಕೋಣಗಳ ವಯಸ್ಸು ನೋಡಿ ಹಿರಿಯ, ಕಿರಿಯ ಎಂಬ ವಿಂಗಡಣೆಯೂ ಇದೆ.

ಒಬ್ಬ ಒಳ್ಳೆಯ ಓಟಗಾರ ಒಂದೇ ಕಂಬಳದಲ್ಲಿ ಬೇರೆ ಬೇರೆ ಯಜಮಾನರ ಜೋಡಿಗಳನ್ನು ಓಡಿಸುವುದುಂಟು. ಸುತ್ತು ಮುಗಿದಂತೆ ಮತ್ತೆ ಮತ್ತೆ ಗಂತಿಗೆ ಹೋಗಿ ನಿಲ್ಲಬೇಕು. ಹೀಗೆ ಇಡೀ ಹಗಲು, ಇಡೀ ರಾತ್ರಿ. ಹಾಗಾಗಿ ಕಂಬಳದ ಓಟಗಾರನಿಗೆ ಹದಿಮೂರು ಸೆಕೆಂಡಿನ ವೇಗವಿದ್ದರಷ್ಟೇ ಸಾಲದು. ಇಪ್ಪತ್ನಾಲ್ಕು ತಾಸಿನ ತಾಳಿಕೆಯೂ ಬೇಕು.

ಗಾರೆ ಕೆಲಸದಿಂದ ಗಂತಿಗೆ

ಕಂಬಳಕ್ಕೆ ಬಹುಕಾಲ ಶಾಲೆ ಎಂಬುದಿರಲಿಲ್ಲ. ಅಪ್ಪನನ್ನು, ಅಣ್ಣನನ್ನು, ಊರಿನ ಹಿರಿಯ ಓಟಗಾರನನ್ನು ನೋಡಿ ಕಲಿಯುವುದೇ ಪದ್ಧತಿ. ಕೃಷಿಯ ಕೋಣಗಳು ಕಡಿಮೆಯಾಗಿ, ಟ್ರ್ಯಾಕ್ಟರು–ಟಿಲ್ಲರುಗಳು ಗದ್ದೆಗಿಳಿದ ಮೇಲೆ ಹೊಸ ಹುಡುಗರು ಬರುವುದು ಕಡಿಮೆಯಾಯಿತು. ಆಗ ಪ್ರೊ. ಗುಣಪಾಲ ಕಡಂಬ ಮತ್ತು ಕಂಬಳಾಸಕ್ತರು ಸೇರಿ ಕಂಬಳ ಅಕಾಡೆಮಿ ಕಟ್ಟಿದರು. 2011ರಲ್ಲಿ ಯುವಕರಿಗೆ ತರಬೇತಿ ಆರಂಭವಾಯಿತು. ಓಡುವುದಷ್ಟೇ ಅಲ್ಲ, ಕೋಣಗಳನ್ನು ಸಂಭಾಳಿಸುವುದು, ಮೈ ಕಾಯ್ದುಕೊಳ್ಳುವುದು, ಹಿಂಸೆಯಿಲ್ಲದೆ ಓಡಿಸುವುದು ಇವೆಲ್ಲ ಅಲ್ಲಿಯ ಪಾಠ. ಶ್ರೀನಿವಾಸ ಗೌಡರು ಆ ಮೊದಲ ತಂಡದಲ್ಲಿ ಕಲಿತವರು.

ಕಂಬಳದ ಋತು ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ. ಅದರಲ್ಲೂ ಓಟ ನಡೆಯುವುದು ವಾರದ ಕೊನೆಯಲ್ಲಿ. ಉಳಿದ ದಿನ ಹೊಟ್ಟೆಪಾಡಿಗೆ ಅವರು ನೆಚ್ಚಿದ್ದು ಕಟ್ಟಡ ಕೆಲಸವನ್ನು. ಕಲ್ಲು ಹೊರುವ, ಸಿಮೆಂಟು ಕಲಸುವ ಕೆಲಸ ಮೈಯನ್ನು ಗಟ್ಟಿ ಮಾಡಿತೆಂದು ಹೇಳುವುದು ಸುಲಭ. ಅದೇ ಕೆಲಸ ಮೈಯನ್ನು ದಣಿಸುತ್ತದೆ ಎಂಬುದನ್ನೂ ಮರೆಯಬಾರದು. ವಾರವೆಲ್ಲ ದುಡಿದು ಶನಿವಾರ ರಾತ್ರಿ ಕೆಸರಿಗಿಳಿಯುವವನಿಗೆ ವಿಶ್ರಾಂತಿ ಎಂಬುದು ದುಬಾರಿ ಪದಾರ್ಥ. ಇಂಥ ದಿನಚರಿಯ ನಡುವೆಯೂ 2019–20ರ ಋತುವಿನಲ್ಲಿ ಒಂದಾದ ಮೇಲೊಂದು ಕಂಬಳದಲ್ಲಿ ಅವರು ಓಡಿಸಿದ ಜೋಡಿಗಳು ಬಹುಮಾನ ತಂದವು. ಆಗ ಅವರಿಗೆ 28 ವರ್ಷ.

ಐಕಳದ ಆ ಓಟ

2020ರ ಫೆಬ್ರುವರಿ 1. ಕಿನ್ನಿಗೋಳಿ ಬಳಿಯ ಐಕಳದಲ್ಲಿ ಕಂಬಳ. ಅಲ್ಲಿನ ಕರೆಯ ಉದ್ದ 142.5 ಮೀಟರು. ಶ್ರೀನಿವಾಸ ಗೌಡರು ಓಡಿಸಿದ ಜೋಡಿ ಅದನ್ನು 13.62 ಸೆಕೆಂಡಿನಲ್ಲಿ ಮುಟ್ಟಿತು. ಕರಾವಳಿಯ ಪತ್ರಿಕೆಗಳು ಅದನ್ನು ಕಂಬಳದ ಹೊಸ ದಾಖಲೆ ಎಂದು ಬರೆದವು. ಅಷ್ಟಕ್ಕೇ ನಿಂತಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಯಾರೋ ಒಂದು ಲೆಕ್ಕ ಮಾಡಿದರು. 142.5 ಮೀಟರಿಗೆ 13.62 ಸೆಕೆಂಡು ಹಿಡಿದರೆ 100 ಮೀಟರಿಗೆ ಎಷ್ಟು? ಉತ್ತರ 9.55. ಜಮೈಕಾದ ಉಸೇನ್ ಬೋಲ್ಟ್ 2009ರ ಆಗಸ್ಟ್ 16ರಂದು ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಅಂದರೆ ಕೆಸರಿನಲ್ಲಿ ಬರಿಗಾಲಲ್ಲಿ ಓಡಿದ ಕನ್ನಡಿಗ ವಿಶ್ವದಾಖಲೆಗಿಂತ 0.03 ಸೆಕೆಂಡು ಮುಂದೆ! ಈ ಒಂದು ಸಾಲು ವಿಡಿಯೊ ಜೊತೆ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ಮೆಚ್ಚಿ ಬರೆದರು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು, ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತುದಾರರಿಂದ ಈ ಯುವಕನ ಪರೀಕ್ಷೆ ಮಾಡಿಸುವುದಾಗಿ ಪ್ರಕಟಿಸಿದರು. ಬೆಂಗಳೂರಿಗೆ ಬರಲು ಕರೆ ಬಂತು.

ಆ ಗದ್ದಲ ಇಳಿಯುವ ಮೊದಲೇ, ಫೆಬ್ರುವರಿ 16ರಂದು ವೇಣೂರಿನ ಕಂಬಳದಲ್ಲಿ ಬಜಗೋಳಿ ಜೋಗಿಬೆಟ್ಟುವಿನ ನಿಶಾಂತ್ ಶೆಟ್ಟಿ 143 ಮೀಟರು ಕರೆಯನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಅದೇ ಲೆಕ್ಕದಲ್ಲಿ 100 ಮೀಟರಿಗೆ 9.51. ‘ವಿಶ್ವದಾಖಲೆ’ ಹದಿನೈದು ದಿನದಲ್ಲಿ ಎರಡು ಸಲ ಮುರಿಯಿತು! ಇದು ಸಾಧ್ಯವೇ ಎಂದು ಯೋಚಿಸಲು ಅದೊಂದೇ ಸಂಗತಿ ಸಾಕಿತ್ತು.

ವಿದ್ಯಾರ್ಥಿಗಳಿಗೊಂದು ಲೆಕ್ಕ

ಶ್ರೀನಿವಾಸ ಗೌಡರ ಸಾಧನೆ ಸುಳ್ಳಲ್ಲ. ಹೋಲಿಕೆಯೇ ತಪ್ಪು. ಏಕೆಂಬುದನ್ನು ಒಂಬತ್ತನೆಯ ಇಯತ್ತೆಯ ವಿಜ್ಞಾನದಿಂದಲೇ ತಿಳಿಯಬಹುದು.

ಮೊದಲನೆಯದು, ಸರಾಸರಿ ವೇಗ. 142.5 ಮೀಟರನ್ನು 13.62ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 10.46 ಮೀಟರು, ಅಂದರೆ ತಾಸಿಗೆ ಸುಮಾರು 37.7 ಕಿಲೋಮೀಟರು. ಬೋಲ್ಟ್ ಅವರ 100 ಮೀಟರ್ ಓಟದ ಸರಾಸರಿ ಸೆಕೆಂಡಿಗೆ 10.44 ಮೀಟರು. ಎರಡೂ ಹತ್ತಿರ ಹತ್ತಿರ, ನಿಜ. ಆದರೆ ಯಾವ ಓಟಗಾರನೂ ನಿಂತಲ್ಲಿಂದ ಒಮ್ಮೆಗೇ ಪೂರ್ಣ ವೇಗ ಪಡೆಯುವುದಿಲ್ಲ. ಮೊದಲ ಮೂವತ್ತು–ನಲವತ್ತು ಮೀಟರು ವೇಗ ಕೂಡಿಸಿಕೊಳ್ಳುವುದರಲ್ಲೇ ಹೋಗುತ್ತದೆ. ಓಟ ಸ್ವಲ್ಪ ಉದ್ದವಾದರೆ ಪೂರ್ಣ ವೇಗದ ಪಾಲು ಹೆಚ್ಚುತ್ತದೆ, ನಿಧಾನದ ಪಾಲು ಹಂಚಿಹೋಗುತ್ತದೆ. ಬೋಲ್ಟ್ ಅವರೇ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದರು. ಆ ಓಟದ ಕೊನೆಯ 100 ಮೀಟರಿಗೆ ಅವರು ತೆಗೆದುಕೊಂಡದ್ದು 8.70 ಸೆಕೆಂಡು ಮಾತ್ರ! ಓಡುತ್ತಲೇ ಬಂದು 100 ಮೀಟರ್ ದಾಟುವುದಕ್ಕೂ ನಿಂತಲ್ಲಿಂದ ಓಡುವುದಕ್ಕೂ ಅಷ್ಟು ವ್ಯತ್ಯಾಸ. ಆದ್ದರಿಂದ 142.5 ಮೀಟರಿನ ಕಾಲವನ್ನು ಭಾಗಿಸಿ ‘100 ಮೀಟರ್ ಕಾಲ’ ಎನ್ನುವಂತಿಲ್ಲ.

ಎರಡನೆಯದು, ಆರಂಭ. ಅಥ್ಲೆಟಿಕ್ಸ್‌ನಲ್ಲಿ ಗುಂಡಿನ ಸದ್ದಾದ ಕ್ಷಣದಿಂದಲೇ ಗಡಿಯಾರ ಓಡುತ್ತದೆ. ಸದ್ದು ಕೇಳಿ ಮೈ ಅಲುಗುವವರೆಗಿನ ಸಮಯವೂ ಲೆಕ್ಕಕ್ಕೆ ಸೇರುತ್ತದೆ. ಬರ್ಲಿನ್ನಿನಲ್ಲಿ ಬೋಲ್ಟ್ ಅವರಿಗೆ ಅದಕ್ಕೇ 0.146 ಸೆಕೆಂಡು ಹೋಗಿತ್ತು. ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆಯನ್ನೇ ಒಪ್ಪುವುದಿಲ್ಲ. ಕಂಬಳದಲ್ಲಿ ಗುಂಡಿನ ಸದ್ದಿಗೆ ಕಾಯುವ ಕೋಣಗಳಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಹಗ್ಗ. ಓಟಗಾರ ತನ್ನ ಕಾಲಿನ ಬಲದಿಂದಷ್ಟೇ ಮುಂದೆ ಸಾಗುತ್ತಿಲ್ಲ. ಎರಡು ಬಲಿಷ್ಠ ಕೋಣಗಳು ಅವನನ್ನು ಎಳೆಯುತ್ತಿವೆ. ನ್ಯೂಟನ್ನನ ಎರಡನೆಯ ನಿಯಮ ಓದಿದವರಿಗೆ ಉಳಿದದ್ದು ತಾನೇ ಹೊಳೆದೀತು. ಕೆಸರು ಅವನ ಕಾಲನ್ನು ಹಿಂದಕ್ಕೆ ಹಿಡಿಯುತ್ತದೆ, ಕೋಣಗಳು ಕೈಯನ್ನು ಮುಂದಕ್ಕೆ ಎಳೆಯುತ್ತವೆ. ಈ ಎರಡರ ನಡುವೆ ಸಮತೋಲ ತಪ್ಪದೆ ಕಾಲು ಕಿತ್ತು ಇಡುವುದೇ ಅವನ ವಿದ್ಯೆ. ಅದು ಬೋಲ್ಟ್ ಅವರ ವಿದ್ಯೆಗಿಂತ ಕಡಿಮೆಯದೆಂದಲ್ಲ. ಬೇರೆಯದು. ಬೋಲ್ಟ್ ಅವರನ್ನು ತಂದು ಐಕಳದ ಗಂತಿನಲ್ಲಿ ನಿಲ್ಲಿಸಿದ್ದರೆ ಮಂಜೊಟ್ಟಿ ಮುಟ್ಟುವುದು ಕಷ್ಟವಿತ್ತು.

‘ಬೇಡ’ ಎಂದ ಧೈರ್ಯ

ಈ ಲೆಕ್ಕವನ್ನು ಸಚಿವರಿಗಿಂತ, ಟಿ.ವಿ.ಯವರಿಗಿಂತ ಮೊದಲು ಅರ್ಥಮಾಡಿಕೊಂಡವರು ಶ್ರೀನಿವಾಸ ಗೌಡರೇ. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂದು ಅವರು ಹೋಲಿಕೆಯನ್ನು ನಯವಾಗಿ ತಳ್ಳಿಹಾಕಿದರು. ಗೆಲುವಿನಲ್ಲಿ ಕೋಣಗಳಿಗೂ ಅವುಗಳನ್ನು ಸಾಕಿದವರಿಗೂ ಪಾಲಿದೆ ಎಂದರು. ಕಂಬಳದಲ್ಲಿ ಹಿಮ್ಮಡಿಯ ಮೇಲೆ ಬಲ ಬೀಳುತ್ತದೆ, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳ ಮೇಲೆ ಓಡಬೇಕು, ಎರಡೂ ಒಂದಲ್ಲ ಎಂದು ವಿವರಿಸಿದರು. ಕಾಲಿನ ಗಾಯ ಮತ್ತು ಮುಂದಿದ್ದ ಕಂಬಳಗಳ ಕಾರಣ ಹೇಳಿ ಪರೀಕ್ಷೆಗೆ ಹೋಗಲಿಲ್ಲ. ಫೆಬ್ರುವರಿ 17ರಂದು ಬೆಂಗಳೂರಿನಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರನ್ನು ಸನ್ಮಾನಿಸಿ 3 ಲಕ್ಷ ರೂಪಾಯಿ ಬಹುಮಾನ ನೀಡಿದರು. ಅದನ್ನು ಸ್ವೀಕರಿಸಿ ಅವರು ಊರಿಗೆ ಮರಳಿದರು, ಮತ್ತೆ ಕೋಣಗಳ ಹಗ್ಗ ಹಿಡಿದರು.

ದೇಶವೇ ‘ಓಡು’ ಎನ್ನುವಾಗ ‘ಇದು ನನ್ನ ಓಟವಲ್ಲ’ ಎನ್ನುವುದು ಸಣ್ಣ ಮಾತಲ್ಲ. ಅವಕಾಶ ಕೈಬಿಟ್ಟರೆಂದು ಟೀಕಿಸಿದವರೂ ಇದ್ದರು. ಅವರು ಒಂದು ಹಿಂದಿನ ಘಟನೆಯನ್ನು ನೆನೆಯಬೇಕು. 2019ರ ಆಗಸ್ಟಿನಲ್ಲಿ ಮಧ್ಯಪ್ರದೇಶದ ಹಳ್ಳಿಯೊಂದರ ಯುವಕ ರಸ್ತೆಯ ಮೇಲೆ ಬರಿಗಾಲಲ್ಲಿ 100 ಮೀಟರನ್ನು 11 ಸೆಕೆಂಡಿನಲ್ಲಿ ಓಡಿದನೆಂಬ ವಿಡಿಯೊ ಹೀಗೆಯೇ ಹರಡಿತ್ತು. ಆತನನ್ನು ಭೋಪಾಲಿಗೆ ಕರೆಸಿ ನುರಿತ ಓಟಗಾರರ ಜೊತೆ ಓಡಿಸಿದರು. ಕ್ಯಾಮೆರಾಗಳ ಮುಂದೆ ಆತ ಕೊನೆಯವನಾಗಿ ಬಂದ. ತೆಗೆದುಕೊಂಡ ಕಾಲ 12.9 ಸೆಕೆಂಡು. ಹೊಗಳಿದ ಜನ ಮರುದಿನವೇ ಬೇರೆ ಸುದ್ದಿಯ ಹಿಂದೆ ಹೋದರು. ಸೋಲಿನ ಭಾರವನ್ನು ಹೊತ್ತು ಊರಿಗೆ ನಡೆದವನು ಆ ಹುಡುಗ ಒಬ್ಬನೇ.

ಇನ್ನೊಂದು ಮಾತು ವಯಸ್ಸಿನದು. ಬೋಲ್ಟ್ ಹದಿನೈದನೆಯ ವಯಸ್ಸಿಗೇ, 2002ರಲ್ಲಿ, ಕಿಂಗ್‌ಸ್ಟನ್ನಿನಲ್ಲಿ ನಡೆದ ವಿಶ್ವ ಜೂನಿಯರ್ ಕೂಟದಲ್ಲಿ 200 ಮೀಟರ್ ಓಟ ಗೆದ್ದಿದ್ದರು. ಅದರ ಹಿಂದೆ ಶಾಲೆಯ ಮೈದಾನ, ಶಾಲೆ–ಶಾಲೆಗಳ ನಡುವಿನ ಪಂದ್ಯ, ತರಬೇತುದಾರರು ಇದ್ದರು. 2020ರಲ್ಲಿ 100 ಮೀಟರಿನ ರಾಷ್ಟ್ರೀಯ ದಾಖಲೆ 2016ರಲ್ಲಿ ಅಮಿಯ ಮಲ್ಲಿಕ್ ಸ್ಥಾಪಿಸಿದ್ದ 10.26 ಸೆಕೆಂಡು ಆಗಿತ್ತು. ಆ ಮಟ್ಟ ಮುಟ್ಟಲು ವರ್ಷಗಟ್ಟಲೆ ಒಂದೇ ತಪಸ್ಸು ಬೇಕು. ಇಪ್ಪತ್ತೆಂಟರ ಕೂಲಿಕಾರನೊಬ್ಬನಿಗೆ ಒಂದು ದಿನದ ಪರೀಕ್ಷೆಯಿಂದ ಅದನ್ನು ಕೇಳುವುದು ನ್ಯಾಯವೇ? ಅವರ ಕಾಲುಗಳ ಬಲ ಹದಿಮೂರು–ಹದಿನಾಲ್ಕನೆಯ ವಯಸ್ಸಿನಲ್ಲಿ ಯಾರ ಕಣ್ಣಿಗಾದರೂ ಬಿದ್ದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಅವರಲ್ಲ.

ಕೊರೋನಾ ಕಾಲದ ಬಳಿಕ 2021ರಲ್ಲಿ ಕಂಬಳ ಮತ್ತೆ ನಡೆದಾಗ, ಕಕ್ಯಪದವಿನ ಕರೆಯಲ್ಲಿ ಶ್ರೀನಿವಾಸ ಗೌಡರು 125 ಮೀಟರನ್ನು 11.21 ಸೆಕೆಂಡಿನಲ್ಲಿ ಓಡಿ ತಮ್ಮ ಹಿಂದಿನ ವೇಗವನ್ನು ತಾವೇ ಮೀರಿದರು. ಗೆಲುವು ಐಕಳದ ಒಂದು ದಿನದ ಅದೃಷ್ಟವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೋಣದ ಕಡೆಯಿಂದ ನೋಡಿದರೆ

ಓಟಗಾರನ ಕಥೆ ಹೇಳುವಾಗ ಓಡಿದ ಪ್ರಾಣಿಯನ್ನು ಮರೆಯಲಾಗದು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸುವ ತೀರ್ಪು ನೀಡಿತು. ಪ್ರಾಣಿಗೆ ನೋವಾದರೆ ಮನುಷ್ಯನ ಮೋಜಿಗೆ ಅದು ಬೆಲೆ ತೆರಬೇಕೇಕೆ ಎಂಬುದು ಆ ತೀರ್ಪಿನ ಹಿಂದಿನ ಪ್ರಶ್ನೆ. 2016ರ ಕೊನೆಯಲ್ಲಿ ಹೈಕೋರ್ಟಿನ ಆದೇಶದಿಂದ ಕಂಬಳವೂ ನಿಂತಿತು. ಕರಾವಳಿಯ ಜನ ಬೀದಿಗಿಳಿದರು. 2017ರಲ್ಲಿ ರಾಜ್ಯದ ಶಾಸನಸಭೆ ಕಾನೂನಿಗೆ ತಿದ್ದುಪಡಿ ತಂದು ಕಂಬಳದ ಜೊತೆಗೆ ಹೋರಿ ಓಟಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಮಾಡಿಕೊಟ್ಟಿತು. ಪ್ರಾಣಿಗಳಿಗೆ ಅನಗತ್ಯ ನೋವು ಕೊಡಬಾರದೆಂಬ ಷರತ್ತು ಅದರಲ್ಲಿದೆ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರಗಳ ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕರೆ ತೋಡಿ ಕಂಬಳ ನಡೆಸಿದರು.

ಈ ಕಾನೂನು ಕರಾವಳಿಗಷ್ಟೇ ಸೇರಿದ್ದಲ್ಲ. ಜಾತ್ರೆ, ಹಬ್ಬಗಳಲ್ಲಿ ಗಾಡಿ ಶರ್ಯತ್ತು ಕಟ್ಟುವ ನಮ್ಮ ಸೀಮೆಗೂ ಅದೇ ಅನುಮತಿ, ಅದೇ ಷರತ್ತು. ಕಿಲಾರಿ ಎತ್ತನ್ನು ಮನೆಮಗನಂತೆ ಸಾಕುವ ರೈತ, ಶರ್ಯತ್ತಿನ ದಿನ ಅದರ ಬಾಲ ತಿರುಚಿ, ಚಾವಟಿಯಿಂದ ಬಾರಿಸಿ, ಮೊಳೆ ಕಟ್ಟಿದ ಕೋಲಿನಿಂದ ಚುಚ್ಚಿದರೆ ಗೆದ್ದ ಬಹುಮಾನಕ್ಕೆ ಯಾವ ಮಾನ? ಕಾರಹುಣ್ಣಿಮೆಯ ಬೆಳಿಗ್ಗೆ ಪೂಜೆ ಮಾಡಿಸಿಕೊಂಡ ಎತ್ತಿಗೆ ಸಂಜೆ ಏಟು ಬೀಳಬಾರದು. ಬಸವಣ್ಣನವರು ಹುಟ್ಟಿದ ನೆಲದಲ್ಲಿ ದಯೆಯ ಪಾಠವನ್ನು ಕೋರ್ಟಿನಿಂದ ಕಲಿಯುವ ಹಾಗಾಗಬಾರದು. ಹೊಡೆಯದೆ ಓಡಿಸಬಲ್ಲವನೇ ನಿಜವಾದ ಓಟಗಾರ. ಪ್ರಾಣಿಯ ಮನಸ್ಸು ಬಲ್ಲವನಿಗೆ ಕೋಲು ಬೇಕಾಗುವುದಿಲ್ಲ.

ಪಾಲಕರು ಯೋಚಿಸಬೇಕಾದದ್ದು

ವಿಜಯಪುರ ಜಿಲ್ಲೆ ಸೈಕಲ್ ಪಟುಗಳಿಗೆ ಹೆಸರಾದದ್ದು. ಹಳ್ಳಿಯಿಂದ ಹೊಲಕ್ಕೆ, ಹೊಲದಿಂದ ಶಾಲೆಗೆ ಸೈಕಲ್ ತುಳಿದ ಮಕ್ಕಳು ಕ್ರೀಡಾ ನಿಲಯ ಸೇರಿ ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಅಲ್ಲಿ ನಡೆದದ್ದು ಪವಾಡವಲ್ಲ. ಇದ್ದ ಕಸುವನ್ನು ಎಳೆಯ ವಯಸ್ಸಿನಲ್ಲೇ ಯಾರೋ ಗುರುತಿಸಿದರು, ಊಟ ಮತ್ತು ತರಬೇತಿ ಕೊಟ್ಟರು, ಪಂದ್ಯಗಳಿಗೆ ಕರೆದೊಯ್ದರು. ಮಗುವಿನ ಕಾಲಿನಲ್ಲಿ ವೇಗವಿದೆ ಎನಿಸಿದರೆ ಪಾಲಕರು ಮಾಡಬೇಕಾದ ಮೊದಲ ಕೆಲಸ ವಿಡಿಯೊ ತೆಗೆಯುವುದಲ್ಲ. ಶಾಲೆಯ ದೈಹಿಕ ಶಿಕ್ಷಕರ ಬಳಿ ಕರೆದೊಯ್ಯುವುದು, ಅಳತೆ ಮಾಡಿದ ಮೈದಾನದಲ್ಲಿ ಓಡಿಸಿ ನೋಡುವುದು. ಶಾಲೆ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುವ ಕ್ರೀಡಾಕೂಟಗಳು ಇರುವುದೇ ಇದಕ್ಕಾಗಿ. ಅಲ್ಲಿ ಸೋತರೂ ನಷ್ಟವಿಲ್ಲ. ಎಷ್ಟು ಸೆಕೆಂಡಿನಲ್ಲಿ ಸೋತೆ ಎಂಬುದು ತಿಳಿದರೆ ಮುಂದಿನ ವರ್ಷ ಏನು ಮಾಡಬೇಕೆಂಬುದೂ ತಿಳಿಯುತ್ತದೆ.

ಇನ್ನೊಂದು, ಓದು. ಕಂಬಳದ ಋತು ನಾಲ್ಕೈದು ತಿಂಗಳು, ಓಟಗಾರನ ಕಾಲುಗಳ ಋತು ಹತ್ತು–ಹದಿನೈದು ವರ್ಷ. ಕುದುರೆ ಪಂದ್ಯದ ಜಾಕಿಗೂ, ಸೈಕಲ್ ಪಟುವಿಗೂ, ಕುಸ್ತಿ ಪೈಲ್ವಾನನಿಗೂ ಈ ಲೆಕ್ಕ ತಪ್ಪಿದ್ದಲ್ಲ. ಜಗತ್ತೆಲ್ಲ ಹೊಗಳಿದ ವಾರದಲ್ಲೂ ಶ್ರೀನಿವಾಸ ಗೌಡರ ಕಸುಬು ಕಟ್ಟಡದ ಕೂಲಿಯೇ ಆಗಿತ್ತು. ಆಟವೂ ಇರಲಿ, ಪುಸ್ತಕವೂ ಇರಲಿ. ಜೋಡಿ ಎತ್ತಿನಲ್ಲಿ ಒಂದನ್ನೇ ಮೇಯಿಸಿದರೆ ನೊಗ ಸಮನಾಗಿ ನಿಲ್ಲುವುದಿಲ್ಲ ಎಂಬುದನ್ನು ಒಕ್ಕಲುತನದ ಮನೆಗಳಿಗೆ ಹೇಳಿಕೊಡಬೇಕಿಲ್ಲ.

ಮುಂದಿನ ಕಾರಹುಣ್ಣಿಮೆಗೆ ಅಗಸಿಯ ಮುಂದೆ ಮತ್ತೆ ಜನ ಸೇರುತ್ತಾರೆ. ಬಿಳಿ ಎತ್ತು ಬಂತೋ, ಕೆಂದೆತ್ತು ಬಂತೋ ಎಂದು ಹಿರಿಯರು ಕಣ್ಣು ನೆಟ್ಟಿರುತ್ತಾರೆ. ಆಗ ಯಾರಾದರೊಬ್ಬ ಮಾಸ್ತರರು ಎತ್ತಿನ ಹಗ್ಗ ಹಿಡಿದು ಓಡಿಬಂದ ಹುಡುಗನನ್ನು ನಿಲ್ಲಿಸಿ, ಅವನ ಹೆಸರು ಕೇಳಿ, ‘ಸೋಮವಾರ ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನಕ್ಕೆ ಬಾ’ ಎಂದರೆ ಸಾಕು.